ಸೂಜಿ ಚುಚ್ಚಿದಂಗ ಕಂಡ್ರೂ ಸಣ್ಣ ಗಾಯ ಅಲ್ಲ

ಪ್ರಶ್ನೆ: ಡಾಕ್ಟರ್ರ, ನಮ್ಮ ತಮ್ಮ ರಾಜಸ್ಥಾನದ ಬಾರ್ಮೇರ್ ಕಡೆ ಎಣ್ಣಿ ಬಾವಿ ಮಷೀನ್ ಮೇಂಟೆನೆನ್ಸ್ ಕೆಲ್ಸ ಮಾಡ್ತಾನ್ರಿ. ಹೋದ ತಿಂಗ್ಳ ಹೈಡ್ರಾಲಿಕ್ ಪೈಪ್ (ಪ್ರೆಷರ್ನ್ಯಾಗ ಎಣ್ಣಿ ಹರಿಯೂ ಪೈಪ್) ಎಲ್ಲಿ ಸೋರ್ತೈತಿ ಅಂತ ಕೈಯಾಡಿಸಿ ನೋಡಾಕ ಹೋಗಿ ತೋರುಬೆರಳಿಗೆ ಚುಕ್ಕಿಯಷ್ಟು ಗಾಯ ಆತು, ಪಟ್ಟಿ ಸುತ್ತಿ ಮತ್ತ ಕೆಲ್ಸಕ್ಕ ಹಚ್ಚ್ಯಾರ, ರಾತ್ರಿಗೆ ಬೆರಳು ಬದನಿಕಾಯಿಯಂಗ ಬಾತು ಮರುದಿನ ಆಪರೇಷನ್ ಆತು. ಈಗ ಊರಿಗೆ ಬಂದಾನ, ಬೆರಳು ಮಡಚಾಕ ಬರವಲ್ದು. ಇಷ್ಟ ಸಣ್ಣ ತೂತಿಗೆ ಹಿಂಗ್ಯಾಕ್ರಿ?
– ಓದುಗರು, ಗದಗ

ಉತ್ತರ: ತೂತು ಸಣ್ಣದು ಖರೆ, ಆದ್ರ ಒಳಗ ಹೋದದ್ದು ಎಣ್ಣಿರೀ. ಚರ್ಮ ತೂರಾಕ ಸುಮಾರು 100 ಪಿಎಸ್ಐ (ಪ್ರೆಷರ್ ಅಳಿಯೂ ಮಾಪು) ಪ್ರೆಷರ್ ಸಾಕು, ಹೈಡ್ರಾಲಿಕ್ ಲೈನ್ನ್ಯಾಗ ಸಾವಿರಗಟ್ಲೆ ಇರ್ತೈತಿ. ಎಣ್ಣಿ ನರದ ಗುಂಟ ಅಂಗೈ ತನಕ ಹರದು ಒಳಗಿನ ಮಾಂಸ ಕೊಳಸ್ತೈತಿ, ಮೊದ್ಲ ಭಾಳ ಸಲ ನೋವ ಅಷ್ಟ ಇರೂದಿಲ್ಲ, ಅದಕ್ಕ ಎಲ್ಲಾರೂ ಮೋಸ ಹೋಗ್ತಾರ. ಇದಕ್ಕ ಪಟ್ಟಿ ಅಲ್ಲ, ಆರು ತಾಸಿನ್ಯಾಗ ಸರ್ಜನ್ ಬೆರಳು ಬಿಚ್ಚಿ ತೊಳೀಬೇಕು. ತಡ ಆದ್ರ ಬೆರಳ ತಗೀಬೇಕಾಗಬಹುದು, ನಿಮ್ಮ ತಮ್ಮಂದು ಉಳದೈತಲ್ಲ, ಪುಣ್ಯಾ.

ಈಗ ಹುಬ್ಬಳ್ಳಿಗೆ ಕರ್ಕೊಂಡು ಹೋಗಿ ಕೈ ಸರ್ಜನ್ಗೆ ತೋರ್ಸಿ ಫಿಜಿಯೋಥೆರಪಿ ಲಗೂನ ಚಾಲೂ ಮಾಡ್ರಿ, ಕುಂದ್ರಿಸಿಬಿಟ್ರ ಬೆರಳು ಬಿಗದ ಹೊಕ್ಕೈತಿ. ಆಪರೇಷನ್ ಕಾಗದ, ಅಪಘಾತ ರಿಪೋರ್ಟ್ ಎರಡೂ ಇಟ್ಕೊಳ್ರಿ, ಪರಿಹಾರ ಕೇಳಾಕ ಬೇಕಾಗ್ತಾವ.

ಮತ್ತ ಸೋರಿಕಿ ನೋಡಾಕ ರಟ್ಟು ಹಿಡೀಬೇಕು, ಕೈ ಅಲ್ಲ, ಪೈಪ್ ಬಿಚ್ಚೂದಾದ್ರ ಪ್ರೆಷರ್ ಇಳಿಸಿದ ಮ್ಯಾಲೆ ಬಿಚ್ಚಬೇಕು. ಹುಬ್ಬಳ್ಳಿ ಗೋಕುಲ ರೋಡ್ ಗ್ಯಾರೇಜಿನ್ಯಾಗ ಗ್ರೀಸ್ ಗನ್ ಹಿಡಿಯೋ ಹುಡುಗ್ರಿಗೂ ಇದ ಮಾತು ಹೇಳ್ತೀನ್ರಿ.