‘ಪರಿಸರಸ್ನೇಹಿ’ ಅಂತ ಬರೆದಿದ್ದರೆ ನಂಬಬಹುದೇ?

ಪ್ರಶ್ನೆ: ಪರಿಸರಕ್ಕೂ, ವಸ್ತು ತಯಾರಿಸುವವರಿಗೂ ಅನ್ಯಾಯವಾಗದ ಹಾಗೆ ಶಾಪಿಂಗ್ ಮಾಡಬೇಕು ಅಂತ ಮನೆಯವರೆಲ್ಲ ತೀರ್ಮಾನಿಸಿದ್ದೇವೆ. ಮೊದಲು ಅಡುಗೆಮನೆಯ ಪ್ಲಾಸ್ಟಿಕ್ ಡಬ್ಬಗಳನ್ನೆಲ್ಲ ಎಸೆದು ಗಾಜಿನವು ತರುವ ಯೋಚನೆ ಇದೆ. ಆದರೆ ಅಂಗಡಿಯಲ್ಲಿ ಎಲ್ಲದರ ಮೇಲೂ ‘ಗ್ರೀನ್’, ‘ನ್ಯಾಚುರಲ್’, ‘ಇಕೋ’ ಅಂತಲೇ ಇರುತ್ತದೆ. ಯಾವುದನ್ನು ನಂಬಬೇಕು?

ಉತ್ತರ: ಡಬ್ಬಗಳನ್ನು ಎಸೆಯಬೇಡಿ. ಅವುಗಳ ತಯಾರಿಕೆಗೆ ಬಳಸಿದ ಕಚ್ಚಾ ತೈಲ, ಕರೆಂಟು ಆಗಲೇ ಖರ್ಚಾಗಿ ಹೋಗಿದೆ. ಈಗ ಎಸೆದರೆ ಕಸ ಜಾಸ್ತಿಯಾಗುತ್ತದೆ ಅಷ್ಟೆ. ಗಾಜು ಕೂಡ ಸುಮ್ನೆ ಬರುವುದಿಲ್ಲ, ಅದನ್ನು ಕರಗಿಸುವ ಕುಲುಮೆಗೆ ಸುಮಾರು 1,500 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಬಿಸಿ ಪದಾರ್ಥಕ್ಕೆ ಪ್ಲಾಸ್ಟಿಕ್ ಬೇಡ ಅನ್ನಿಸಿದರೆ ಆ ಡಬ್ಬಗಳಲ್ಲಿ ಒಣ ಪದಾರ್ಥ ತುಂಬಿಡಿ. ಒಡೆದು ಹೋದದ್ದನ್ನು ಮಾತ್ರ ಬದಲಿಸುತ್ತಾ ಹೋಗಿ.

ಬಟ್ಟೆ ಚೀಲದ ಲೆಕ್ಕವೂ ಹೀಗೇ ಇದೆ. ಡೆನ್ಮಾರ್ಕ್ ಸರ್ಕಾರದ ಪರಿಸರ ಸಂಸ್ಥೆ 2018ರಲ್ಲಿ ಇದನ್ನು ಲೆಕ್ಕ ಹಾಕಿತು. ಹವಾಮಾನದ ಮೇಲಿನ ಪರಿಣಾಮವೊಂದನ್ನೇ ನೋಡಿದರೂ, ಪ್ಲಾಸ್ಟಿಕ್ ಚೀಲಕ್ಕೆ ಸಮನಾಗಲು ಹತ್ತಿಯ ಚೀಲವನ್ನು ಕನಿಷ್ಠ 52 ಸಲ ಬಳಸಬೇಕು. ಆ ಲೆಕ್ಕದಲ್ಲಿ ಬೀದಿಗೆ, ಸಮುದ್ರಕ್ಕೆ ಸೇರುವ ಪ್ಲಾಸ್ಟಿಕ್ ಕಸ ಸೇರಿಲ್ಲ, ಹಾಗಾಗಿ ಪ್ಲಾಸ್ಟಿಕ್ಕೇ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಆದರೆ ಹೋದಲ್ಲೆಲ್ಲ ಹೊಸ ಬಟ್ಟೆ ಚೀಲ ಕೊಳ್ಳುವುದರಿಂದ ಏನೂ ಉಳಿಯುವುದಿಲ್ಲ. ಇರುವ ಚೀಲವನ್ನೇ ಮರೆಯದೆ ಒಯ್ಯಿರಿ.

ಇನ್ನು ಲೇಬಲ್. ‘ಗ್ರೀನ್’, ‘ನ್ಯಾಚುರಲ್’ ಅಂತ ಬರೀ ಪದ ಇದ್ದು, ಯಾರು ಪರೀಕ್ಷಿಸಿದ್ದಾರೆ ಅಂತ ಇಲ್ಲದಿದ್ದರೆ ಅದು ಇಲ್ಲವೇ ಇಲ್ಲ ಅಂತ ತಿಳಿದು ಮುಂದೆ ಹೋಗಿ. ಕಾಗದ, ಮರದ ವಸ್ತುಗಳ ಮೇಲಿನ ಎಫ್‌ಎಸ್‌ಸಿ (ಕಾಡನ್ನು ಜವಾಬ್ದಾರಿಯಿಂದ ನೋಡಿಕೊಳ್ಳುವುದಕ್ಕೆ ಸಂಬಂಧಿಸಿದ) ಗುರುತಿನ ಜೊತೆ ಒಂದು ಪರವಾನಗಿ ಸಂಖ್ಯೆ ಇರುತ್ತದೆ. ಅದನ್ನು ಆನ್‌ಲೈನ್‌ನಲ್ಲಿ ಹುಡುಕಿ, ನಿಜವೋ ಸುಳ್ಳೋ ನೋಡಬಹುದು. ಹೀಗೆ ನಾವೇ ಪರೀಕ್ಷಿಸಬಹುದಾದ ಗುರುತುಗಳನ್ನಷ್ಟೇ ನಾನು ನಂಬುತ್ತೇನೆ. ‘ಕಂಪೋಸ್ಟ್ ಆಗುತ್ತದೆ’ ಅನ್ನುವ ಪ್ಲಾಸ್ಟಿಕ್ ಬಗ್ಗೆಯೂ ಎಚ್ಚರ ಇರಲಿ. ಅದರಲ್ಲಿ ಹೆಚ್ಚು ಬಳಕೆಯಾಗುವ ಪಿಎಲ್ಎ (ಜೋಳದಂಥ ಬೆಳೆಯಿಂದ ಮಾಡುವ ಪ್ಲಾಸ್ಟಿಕ್) ಕೊಳೆಯಲು ದೊಡ್ಡ ಕಂಪೋಸ್ಟ್ ಘಟಕದ 55–60 ಡಿಗ್ರಿ ಶಾಖ ಬೇಕು. ಹಿತ್ತಲ ಗುಂಡಿಯಲ್ಲಿ ಹಾಕಿದರೆ ಬಹುಕಾಲ ಹಾಗೇ ಉಳಿದೀತು.

ಒಂದೊಂದು ಗುರುತು ಒಂದೊಂದು ವಿಷಯಕ್ಕೆ ಮಾತ್ರ, ಇಲ್ಲೇ ಜನ ಜಾಸ್ತಿ ಮೋಸ ಹೋಗುವುದು. ಬಟ್ಟೆಯ ಮೇಲೆ ‘ಓಕೋ-ಟೆಕ್ಸ್ ಸ್ಟ್ಯಾಂಡರ್ಡ್ 100’ ಇದ್ದರೆ ಹಾನಿಕಾರಕ ರಾಸಾಯನಿಕಗಳ ಪರೀಕ್ಷೆ ಆಗಿದೆ ಅಂತಷ್ಟೇ ಅರ್ಥ. ಹತ್ತಿ ಹೇಗೆ ಬೆಳೆದರು, ಹೊಲಿದವರಿಗೆ ಎಷ್ಟು ಕೂಲಿ ಸಿಕ್ಕಿತು ಅನ್ನುವುದು ಅದರಲ್ಲಿ ಬರುವುದಿಲ್ಲ. ಫೇರ್‌ಟ್ರೇಡ್ ಹತ್ತಿಯ ಗುರುತು ಬೆಳೆಗಾರರ ಪರವಾದದ್ದು. ಸಾವಯವ ಬಟ್ಟೆಗೆ ಕೊಡುವ ಜಿಒಟಿಎಸ್ ಗುರುತಿಗೆ ಕನಿಷ್ಠ ಶೇಕಡಾ 70ರಷ್ಟು ಸಾವಯವ ನಾರು ಇರಬೇಕು, ಬಣ್ಣ ಹಾಕುವುದರಿಂದ ಹಿಡಿದು ಕಾರ್ಖಾನೆಯ ಕೆಲಸಗಾರರ ಸ್ಥಿತಿವರೆಗೂ ನಿಯಮಗಳಿವೆ. ಒಂದೇ ಗುರುತು ನೋಡುವುದಾದರೆ ನಾನು ಹೇಳುವುದು ಇದನ್ನೇ.

ಬೆಲೆ ನೋಡಿ ಕೂಲಿಯನ್ನು ಅಂದಾಜು ಮಾಡಬೇಡಿ. ದುಬಾರಿ ಬಟ್ಟೆ ಹೊಲಿದವರಿಗೆ ಜಾಸ್ತಿ ಸಿಕ್ಕಿರುತ್ತದೆ ಅಂತೇನೂ ಇಲ್ಲ. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದಲ್ಲಿ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ಗಾರ್ಮೆಂಟ್ಸ್ ಕೆಲಸಗಾರರು. ಗೋಡೆಗಳಲ್ಲಿ ಬಿರುಕು ಹಿಂದಿನ ದಿನವೇ ಕಂಡಿತ್ತು, ಆದರೂ ಅವರನ್ನು ಕೆಲಸಕ್ಕೆ ಕರೆಸಲಾಗಿತ್ತು. ಆ ದುರಂತದ ನಂತರ ಹಲವು ಬ್ರ್ಯಾಂಡ್‌ಗಳು ಕಾರ್ಮಿಕ ಸಂಘಗಳ ಜೊತೆ ಸುರಕ್ಷತೆಯ ಒಪ್ಪಂದಕ್ಕೆ ಸಹಿ ಹಾಕಿದವು. ನೀವು ಕೊಳ್ಳುವ ಬ್ರ್ಯಾಂಡ್ ಅದರಲ್ಲಿದೆಯೇ, ತನ್ನ ಕಾರ್ಖಾನೆಗಳ ಪಟ್ಟಿಯನ್ನು ಬಹಿರಂಗಪಡಿಸಿದೆಯೇ ನೋಡಿ. ಇಲ್ಲದಿದ್ದರೆ ಕಂಪನಿಗೆ ಬರೆದು ಕೇಳಿ. ಕೇಳುವ ಹಕ್ಕು ನಮಗಿದೆ, ಅಲ್ವಾ?

ಪ್ರಶ್ನೆ: ಹೊಸ ಮಾದರಿಯ ಫೋನ್ ಕಡಿಮೆ ಕರೆಂಟ್ ಬಳಸುತ್ತದಂತೆ. ನನ್ನ ಹಳೆಯ ಫೋನ್ ಬದಲಿಸಲೇ?

ಉತ್ತರ: ಬೇಡ. ಫೋನಿನಿಂದಾಗುವ ಇಂಗಾಲ ಮಾಲಿನ್ಯದಲ್ಲಿ ಹೆಚ್ಚಿನ ಪಾಲು ಅದನ್ನು ತಯಾರಿಸುವಾಗಲೇ ಆಗಿಬಿಡುತ್ತದೆ. ಚಾರ್ಜಿಂಗ್‌ನಲ್ಲಿ ಉಳಿಯುವುದು ತೀರಾ ಕಡಿಮೆ. ದಿನವಿಡೀ ಓಡುವ ತುಂಬಾ ಹಳೆಯ ಫ್ರಿಜ್ ಆದರೆ ಲೆಕ್ಕ ಬೇರೆ, ಅದನ್ನು ಬದಲಿಸುವುದು ಲಾಭವೇ ಆಗಬಹುದು. ಫೋನಿಗೆ ಸುರಕ್ಷತಾ ಅಪ್‌ಡೇಟ್ ಇನ್ನೂ ಬರುತ್ತಿದೆಯೇ ನೋಡಿ. ಬರುತ್ತಿದ್ದರೆ ಹೊಸ ಬ್ಯಾಟರಿ ಹಾಕಿಸಿಕೊಂಡು ಅದನ್ನೇ ಬಳಸಿ.