ನಿಮ್ಮ ಪ್ರಶ್ನೆ: ಕುರುಡಿ ಮೀನಿನ ಊರು ಯಾವುದು?

ಪ್ರಶ್ನೆ: ಮಳೆಗಾಲ ಕಳೆದ ಮೇಲೆ ನಮ್ಮ ಗಜನಿಯಲ್ಲಿ (ಉಪ್ಪುನೀರು ಬಂದುಹೋಗುವ ತಗ್ಗಿನ ಗದ್ದೆಯಲ್ಲಿ) ಬೆರಳುದ್ದದ ಕುರುಡಿ ಮರಿಗಳು ಸಿಗುತ್ತವೆ. ಇದು ಹೊಳೆ ಮೀನು ಎನ್ನುತ್ತಾರೆ ನಮ್ಮ ಮಾವ. ಆದರೆ ಕಡಲಿನಿಂದ ಬಂದ ದೋಣಿಯಲ್ಲಿ ಇಬ್ಬರು ಹೊರುವಷ್ಟು ದೊಡ್ಡ ಕುರುಡಿಯನ್ನು ನಾನೇ ನೋಡಿದ್ದೇನೆ. ಯಾರದ್ದು ಸರಿ? (ಕುಮಟಾ ತಾಲೂಕಿನ ಓದುಗರು)

ನೀವೂ ನಿಮ್ಮ ಮಾವನೂ ನೋಡಿದ್ದು ಒಂದೇ ಮೀನನ್ನು, ಅದರ ಬಾಳಿನ ಬೇರೆ ಬೇರೆ ಕಾಲದಲ್ಲಿ. ಬಂಗಾಳದ ಭೇಟ್ಕಿ, ಕೇರಳದ ಕಾಳಾಂಜಿ, ತಮಿಳರ ಕೊಡುವಾ, ಆಸ್ಟ್ರೇಲಿಯಾದ ಬಾರಮುಂಡಿ ಎಲ್ಲವೂ ನಮ್ಮ ಕುರುಡಿಯೇ. ನಾನು ಅಘನಾಶಿನಿಯ ದಡದವಳು. ಮೀನಿನ ಪಾಠ ಹೇಳುತ್ತಿದ್ದ ವರ್ಷಗಳಲ್ಲೂ, ನಿವೃತ್ತಿಯ ನಂತರವೂ ನನ್ನನ್ನು ಇದರಷ್ಟು ಹಿಡಿದಿಟ್ಟ ಮೀನು ಇನ್ನೊಂದಿಲ್ಲ. ಹಾಗಾಗಿ ನಿಮ್ಮ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ.

ಮಳೆಗಾಲ ಬಂತೆಂದರೆ ಬಲಿತ ಕುರುಡಿಗಳು ಹೊಳೆಯಿಂದ ಇಳಿದು ಅಳಿವೆಬಾಯಿಯ ಹತ್ತಿರ ಸೇರುತ್ತವೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ, ಕತ್ತಲಾದ ಮೇಲೆ, ನೀರು ಏರುವ ಹೊತ್ತು ನೋಡಿ ಮೊಟ್ಟೆ ಬಿಡುತ್ತವೆ. ಆ ಹೊತ್ತೇ ಯಾಕೆ ಎಂದರೆ, ಉಬ್ಬರದ ನೀರು ಮೊಟ್ಟೆಗಳನ್ನು ಕಡಲಿಗೆ ಎಳೆದೊಯ್ಯದೆ ಅಳಿವೆಯ ಒಳಕ್ಕೆ ತಳ್ಳುತ್ತದೆ. ಒಂದೊಂದು ಮೊಟ್ಟೆಯೂ ಸಣ್ಣ ರವೆಯ ಕಾಳಿನಷ್ಟು, ಮುಕ್ಕಾಲು ಮಿಲಿಮೀಟರ್ ಅಷ್ಟೇ. ಅದು ತೇಲಬೇಕಾದರೆ, ಮರಿಯೊಡೆಯಬೇಕಾದರೆ ಉಪ್ಪು ಬೇಕೇ ಬೇಕು: ಲೀಟರ್ ನೀರಿನಲ್ಲಿ ಸುಮಾರು 28ರಿಂದ 32 ಗ್ರಾಂ, ಅಂದರೆ ಕಡಲಿಗಿಂತ ತುಸು ಕಡಿಮೆ. ನೀರು ಬೆಚ್ಚಗೆ 28 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಒಂದು ದಿನ ತುಂಬುವುದರೊಳಗೆ ಮರಿಯೊಡೆದು ಆಗಿರುತ್ತದೆ.

ಹೊರಬಂದ ಮರಿ ಒಂದೂವರೆ ಮಿಲಿಮೀಟರ್ ಉದ್ದ. ಅದಕ್ಕೆ ಮೊದಲು ಬೇಕಾಗುವುದು ಅಲೆ ಇಲ್ಲದ, ಆಳವಿಲ್ಲದ, ಸೂಕ್ಷ್ಮಜೀವಿಗಳು ತುಂಬಿದ ನೀರು. ಅಳಿವೆಯ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರಿನ ಸಂದು, ಉಬ್ಬರಕ್ಕೆ ತುಂಬಿ ಇಳಿತಕ್ಕೆ ಬತ್ತುವ ಕೆಸರು ತೋಡು, ತೂಬಿನ ಬಾಗಿಲು ತೆರೆದ ಗಜನಿ ಗದ್ದೆ, ಇವೇ ಅದರ ತೊಟ್ಟಿಲು. ನೀವು ಕಂಡ ಮರಿಗಳು ಬಂದದ್ದು ಹೀಗೆ. ಆ ವಯಸ್ಸಿನಲ್ಲಿ ಮೈಮೇಲೆ ಕಂದು ಮಚ್ಚೆ, ನೆತ್ತಿಯಿಂದ ಬೆನ್ನಿನ ಕಡೆಗೆ ಒಂದು ಬಿಳಿ ಪಟ್ಟೆ ಇರುತ್ತದೆ. ಕೊಳೆತ ಎಲೆಗಳ ನಡುವೆ ಸುಮ್ಮನೆ ನಿಂತರೆ ಕಣ್ಣಿಗೇ ಬೀಳದು. ದೊಡ್ಡದಾದ ಮೇಲಿನ ಬೆಳ್ಳಿ ಬಣ್ಣ ನೋಡಿ ಅಭ್ಯಾಸವಾದವರು ಇದನ್ನು ಬೇರೆಯೇ ಮೀನೆಂದು ಭಾವಿಸುವುದುಂಟು.

ಆಮೇಲೆ ಸಿಗಡಿ, ಸಣ್ಣ ಮೀನು ತಿನ್ನುತ್ತ ಬೆಳೆದ ಮರಿ ಹೊಳೆಯನ್ನು ಏರುತ್ತದೆ. ಸಿಹಿನೀರಿನಲ್ಲಿ ಎರಡು ಮೂರು ವರ್ಷ ಕಳೆದು, ಬಲಿತ ಮೇಲೆ ಮತ್ತೆ ಅಳಿವೆಗೆ ಇಳಿಯುತ್ತದೆ. ನಿಮ್ಮ ಮಾವ ಹೊಳೆಯಲ್ಲಿ ಕಂಡದ್ದು ಈ ನಡುಪ್ರಾಯದ ಮೀನನ್ನು.

ಎಲ್ಲ ಕುರುಡಿಗಳೂ ಹೊಳೆ ಹತ್ತುತ್ತವೆ ಎಂದಲ್ಲ. ಮೀನಿನ ತಲೆಯೊಳಗಿನ ಕಿವಿಗಲ್ಲು ವರ್ಷ ವರ್ಷವೂ ಪದರ ಪದರವಾಗಿ ಬೆಳೆಯುತ್ತದೆ. ಉಪ್ಪುನೀರಿನಲ್ಲಿದ್ದಾಗ ಆ ಪದರಕ್ಕೆ ಸ್ಟ್ರಾನ್ಷಿಯಂ ಎಂಬ ಲೋಹದ ಅಂಶ ಹೆಚ್ಚು ಸೇರುತ್ತದೆ, ಸಿಹಿನೀರಿನಲ್ಲಿ ಕಡಿಮೆ. ಆಸ್ಟ್ರೇಲಿಯಾ ಮತ್ತು ಪಪುವಾ ನ್ಯೂಗಿನಿಯ ವಿಜ್ಞಾನಿಗಳು ಈ ಪದರಗಳನ್ನು ಓದಿದಾಗ, ಸಿಹಿನೀರಿಗೆ ಒಮ್ಮೆಯೂ ಹೋಗದೆ ಅಳಿವೆ, ಕಡಲಂಚಿನಲ್ಲೇ ಬಾಳಿದ ಮೀನುಗಳೂ ಸಿಕ್ಕಿವೆ. ಹೊಳೆ ಹತ್ತದವು ಬದುಕುತ್ತವೆ ನಿಜ. ಮೊಟ್ಟೆಯ ಹಂತದಲ್ಲಿ ಉಪ್ಪು ಸಿಗದವು ಮಾತ್ರ ಉಳಿಯವು.

ಒಂದು ಮಾತು ಸೇರಿಸುತ್ತೇನೆ. ಕಾಂಡ್ಲಾ ನೆಡುವ ಕೆಲಸ ಈಗ ಎಲ್ಲ ಕಡೆ ನಡೆಯುತ್ತಿದೆ, ಸಂತೋಷ. ಆದರೆ ಗಿಡ ಸಾಲಾಗಿ ನಿಂತು, ಅದರ ಹಿಂದಿನ ತೋಡು ಮಣ್ಣು ತುಂಬಿ ಮುಚ್ಚಿಹೋಗಿದ್ದರೆ ಮರಿಗಳಿಗೆ ಅಲ್ಲಿ ಪ್ರವೇಶವೇ ಇಲ್ಲ. ನನ್ನನ್ನು ಕೇಳಿದರೆ ಮೊದಲು ತೋಡು ತೆರೆಯಿರಿ, ಗಿಡ ಆಮೇಲೆ ನೆಡಿ ಎನ್ನುತ್ತೇನೆ. ನೀರು ಬಂದುಹೋಗುವ ಕೆಸರಿನಲ್ಲಿ ಕಾಂಡ್ಲಾ ಬೀಜ ಎಷ್ಟೋ ಸಲ ತಾನೇ ಬೇರೂರುತ್ತದೆ.

ಪ್ರಶ್ನೆ: ಸಣ್ಣ ಕುರುಡಿಗಳೆಲ್ಲ ಗಂಡು, ದೊಡ್ಡವೆಲ್ಲ ಹೆಣ್ಣು ಎಂದು ಗಾಳ ಹಾಕುವ ಗೆಳೆಯರು ಹೇಳುತ್ತಾರೆ. ಇದು ನಿಜವೇ? ನಿಜವಾದರೆ ಯಾವ ಗಾತ್ರದ ಮೀನನ್ನು ನೀರಿಗೆ ಬಿಡಬೇಕು? (ಕುಂದಾಪುರದ ಓದುಗರು)

ಬಹುಮಟ್ಟಿಗೆ ನಿಜ. ಕುರುಡಿ ಮೂರು ನಾಲ್ಕು ವರ್ಷಕ್ಕೆ, ಸುಮಾರು ಎರಡಡಿ ಉದ್ದವಾದಾಗ ಗಂಡಾಗಿ ಬಲಿಯುತ್ತದೆ. ಕೆಲವು ಋತು ಗಂಡಾಗಿಯೇ ಇದ್ದು, ಆರರಿಂದ ಎಂಟು ವರ್ಷದ ಹೊತ್ತಿಗೆ, ಸುಮಾರು ಮೂರಡಿ ಉದ್ದ ಮುಟ್ಟಿದಾಗ ಹೆಣ್ಣಾಗುತ್ತದೆ. ಮೊದಲಿಂದಲೂ ಹೆಣ್ಣಾಗಿಯೇ ಬೆಳೆಯುವವು, ಕೊನೆಯವರೆಗೂ ಗಂಡಾಗಿಯೇ ಉಳಿಯುವವು ಅಲ್ಲಲ್ಲಿ ಇವೆ. ಆದರೆ ಸಾಮಾನ್ಯ ರೀತಿ ಇದು. ಈ ಬದಲಾವಣೆಯ ಹಂತದಲ್ಲಿದ್ದ ಮೀನೊಂದರ ಜನನಗ್ರಂಥಿಯ ತುಣುಕನ್ನು ಸೂಕ್ಷ್ಮದರ್ಶಕದಲ್ಲಿಟ್ಟು ವಿದ್ಯಾರ್ಥಿಗಳಿಗೆ ತೋರಿಸಿದ್ದೆ. ಗಂಡಿನ ಅಂಗಾಂಶ ಕುಗ್ಗುತ್ತಿದ್ದ ಜಾಗದ ಪಕ್ಕದಲ್ಲೇ ಎಳೆಯ ಅಂಡಗಳು ಮೂಡುತ್ತಿದ್ದವು. ತರಗತಿ ಮುಗಿದರೂ ಯಾರೂ ಎದ್ದು ಹೋಗಲಿಲ್ಲ.

ಈ ಬದಲಾವಣೆಯ ಹಿಂದೆ ಲೆಕ್ಕಾಚಾರವಿದೆ. ಮೊಟ್ಟೆ ತುಂಬಿಕೊಳ್ಳಲು ದೊಡ್ಡ ಮೈ ಬೇಕು. ನಾಲ್ಕಡಿ ಉದ್ದದ ಹೆಣ್ಣು ಒಂದು ಋತುವಿಗೆ 3 ಕೋಟಿಗೂ ಮಿಕ್ಕಿ ಮೊಟ್ಟೆ ಬಿಡಬಲ್ಲದು. ಗಂಡಿನ ಕೆಲಸಕ್ಕೆ ಅಷ್ಟು ದೊಡ್ಡ ಮೈ ಬೇಕಿಲ್ಲ.

ಹಾಗಾಗಿ ಎರಡೂ ತುದಿಯ ಮೀನುಗಳನ್ನು ಬಿಡಿ. ಸಣ್ಣದನ್ನು ಬಿಟ್ಟು ದೊಡ್ಡದನ್ನು ಹಿಡಿಯಬೇಕು ಎಂಬ ಮಾತು ಬೇರೆ ಮೀನುಗಳಿಗೆ ಸರಿ. ಕುರುಡಿಯ ವಿಷಯದಲ್ಲಿ ಹಾಗೆ ಮಾಡಿದರೆ ಹಿಡಿದದ್ದೆಲ್ಲ ತಾಯಿಮೀನೇ ಆಗುತ್ತದೆ. ಎರಡಡಿಗಿಂತ ಸಣ್ಣದು ಇನ್ನೂ ಒಮ್ಮೆಯೂ ಸಂತಾನ ಕಂಡಿಲ್ಲ, ಅದನ್ನೂ ಬಿಡಬೇಕು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಪೂರ್ವ ಕರಾವಳಿಯಲ್ಲಿ 58 ಸೆಂಟಿಮೀಟರ್‌ಗಿಂತ ಚಿಕ್ಕದನ್ನೂ 120 ಸೆಂಟಿಮೀಟರ್‌ಗಿಂತ ದೊಡ್ಡದನ್ನೂ ಇಟ್ಟುಕೊಳ್ಳುವಂತಿಲ್ಲ. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿದೆ. ಆದರೆ ಕುರುಡಿಯ ತಾಯಿಮೀನು ಆ ದಿನಗಳಲ್ಲಿ ಇರುವುದು ಅಳಿವೆಬಾಯಿಯಲ್ಲಿ, ಬೀಸುಬಲೆ ಮತ್ತು ಗಾಳದ ಅಂಕೆಯಲ್ಲಿ. ಮಳೆಗಾಲದ ಆ ಎರಡು ತಿಂಗಳು ಮೂರಡಿ ಮೀರಿದ ಕುರುಡಿ ಸಿಕ್ಕರೆ ದಯವಿಟ್ಟು ಬಿಡಿ. ಬಾಯಿಗೆ ಮಾತ್ರ ಕೈಹಾಕಿ ನೇತಾಡಿಸಬೇಡಿ, ಹೊಟ್ಟೆಯ ಕೆಳಗೆ ಇನ್ನೊಂದು ಕೈ ಕೊಟ್ಟು ಹಿಡಿಯಿರಿ. ಫೋಟೋ ಬೇಕಿದ್ದರೆ ನೀರಿನಲ್ಲಿಟ್ಟೇ ತೆಗೆಯಿರಿ.

ಪ್ರಶ್ನೆ: ನಮ್ಮ ಶರಾವತಿಯಲ್ಲಿ ಅಜ್ಜನ ಕಾಲದಷ್ಟು ಕುರುಡಿ ಈಗ ಇಲ್ಲ. ಅಣೆಕಟ್ಟು ಕಾರಣವೇ? ನಮ್ಮ ಹಳ್ಳದ ಕಿಂಡಿ ಅಣೆಕಟ್ಟಿನಿಂದಲೂ ತೊಂದರೆ ಇದೆಯೇ? (ಹೊನ್ನಾವರದ ಓದುಗರು)

ಮೀನು ಕಡಿಮೆಯಾಗಲು ಕಾರಣ ಹಲವು: ಹೆಚ್ಚಿದ ಬಲೆಗಳು, ಮರಳುಗಾರಿಕೆ, ತುಂಬಿಹೋದ ಕೆಸರು ಜಾಗಗಳು. ಎಲ್ಲವನ್ನೂ ಒಂದೇ ಕಟ್ಟೆಯ ತಲೆಗೆ ಕಟ್ಟಲು ನನ್ನ ಮನಸ್ಸು ಒಪ್ಪದು. ಆದರೆ ಶರಾವತಿಯ ನೀರು ಬದಲಾದದ್ದಂತೂ ದಿಟ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು, ಮುಂದೆ ಗೇರುಸೊಪ್ಪದ್ದೂ ಬಂತು. ವಿದ್ಯುತ್ತಿಗಾಗಿ ವರ್ಷವಿಡೀ ನೀರು ಬಿಡುವುದರಿಂದ ಬೇಸಿಗೆಯಲ್ಲೂ ಹೊಳೆ ಸಿಹಿಯಾಗಿಯೇ ಹರಿಯುತ್ತದೆ, ಅಳಿವೆಯೊಳಗೆ ಉಪ್ಪು ಏರುವುದು ಕಡಿಮೆಯಾಗಿದೆ. ಉಪ್ಪು ಬೇಡುವ ಕಾಂಡ್ಲಾ ಜಾತಿಗಳೂ ಚಿಪ್ಪುಮೀನುಗಳೂ ಅಲ್ಲಿ ಸೊರಗಿವೆ. ಹತ್ತಿರದ ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಅಲ್ಲಿ ಮಳೆಗಾಲಕ್ಕೆ ಸಿಹಿ, ಬೇಸಿಗೆಗೆ ಉಪ್ಪು ಎಂಬ ಹಳೆಯ ಕ್ರಮ ಇನ್ನೂ ಉಳಿದಿದೆ. 2024ರಲ್ಲಿ ಅದರ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಕುರುಡಿಯಂಥ ಮೀನಿಗೆ ಈ ಕ್ರಮವೇ ಪಂಚಾಂಗ.

ಕಿಂಡಿ ಅಣೆಕಟ್ಟಿನ ವಿಷಯ ಬೇರೆ. ಉಪ್ಪುನೀರು ಗದ್ದೆಗೆ ನುಗ್ಗದಂತೆ ಅದು ಬೇಕು, ಬಾವಿಯಲ್ಲಿ ನೀರು ನಿಲ್ಲಲೂ ಬೇಕು. ಅದನ್ನು ಕಿತ್ತುಹಾಕಿ ಎಂದು ಕೃಷಿಕರಿಗೆ ಹೇಳಲಾರೆ. ಕೇಳುವುದಿಷ್ಟೇ: ಮಳೆ ನಿಂತ ತಕ್ಷಣ ಎಲ್ಲ ಕಿಂಡಿಗೂ ಹಲಗೆ ಹಾಕಬೇಡಿ. ಮರಿಗಳು ಮೇಲೇರುವುದು ಆ ವಾರಗಳಲ್ಲೇ. ಒಂದು ಕಿಂಡಿಯಾದರೂ ಉಬ್ಬರಕ್ಕೆ ಸ್ವಲ್ಪ ಹೊತ್ತು ತೆರೆದಿರಲಿ. ಹೊಸದಾಗಿ ಕಟ್ಟುವಲ್ಲಿ ಮೀನಿನ ದಾರಿಯನ್ನೂ ನಕ್ಷೆಯಲ್ಲಿ ಸೇರಿಸುವಂತೆ ಗ್ರಾಮಸಭೆಯಲ್ಲಿ ಒತ್ತಾಯಿಸಿ. ಸಾಲ್ಮನ್ ಮೀನಿಗೆಂದು ರೂಪಿಸಿದ ಕಡಿದಾದ ಮೆಟ್ಟಿಲುಗಳನ್ನು ಆಸ್ಟ್ರೇಲಿಯಾದವರು ಮೊದಲು ಕಟ್ಟಿ ನೋಡಿದರು, ಬಾರಮುಂಡಿ ಹತ್ತಲಿಲ್ಲ. ಆಮೇಲೆ ರಾಕ್‌ಹ್ಯಾಂಪ್ಟನ್‌ನ ಫಿಟ್ಜ್‌ರಾಯ್ ನದಿಯ ಒಡ್ಡಿನಲ್ಲಿ, ನೀರು ಮೆಲ್ಲಗೆ ಹರಿಯುವ ಸೀಳುಗಳಿರುವ ದಾರಿ ಮಾಡಿಕೊಟ್ಟ ಮೇಲೆ ಅದನ್ನು ಬಳಸತೊಡಗಿದವು.

ಪ್ರಶ್ನೆ: ಕುರುಡಿ ಸಿಹಿನೀರಿನಲ್ಲೂ ಬೆಳೆಯುತ್ತದಂತೆ. ನಮ್ಮೂರ ಕೆರೆಗೆ ಮರಿ ಬಿಟ್ಟರೆ ವಂಶ ಬೆಳೆದೀತೇ? (ಶಿರಸಿಯ ಓದುಗರು)

ಬೆಳೆಯುವುದಿಲ್ಲ. ಮೀನು ದಪ್ಪಗಾಗುತ್ತದೆ, ಆದರೆ ಉಪ್ಪಿಲ್ಲದ ಕಡೆ ಮರಿಯಾಗದು. ಜೊತೆಗೆ ಕೆರೆಯ ಸಣ್ಣ ಮೀನುಗಳನ್ನೆಲ್ಲ ಅದು ಮುಗಿಸುತ್ತದೆ, ಆದ್ದರಿಂದ ಊರ ಕೆರೆಗೆ ಬಿಡಲೇಬೇಡಿ.

ಸ್ವಂತ ಹೊಂಡದಲ್ಲಿ ಸಾಕುವ ಆಸೆಯಿದ್ದರೆ ಹ್ಯಾಚರಿ ಮರಿಯನ್ನೇ ತನ್ನಿ, ಅಳಿವೆಯಿಂದ ಬಾಚಿ ತರಬೇಡಿ. ಚೆನ್ನೈನ ಕೇಂದ್ರೀಯ ಚೌಳುನೀರು ಮೀನು ಕೃಷಿ ಸಂಸ್ಥೆ 1997ರಲ್ಲೇ ಇದರ ಮರಿ ಮಾಡಿಸುವುದನ್ನು ಸಾಧಿಸಿದೆ. ಸಿಹಿನೀರಿಗೆ ಮೆಲ್ಲಮೆಲ್ಲಗೆ ಒಗ್ಗಿಸಿದ ಮರಿ ಕೇಳಿ. ತಂದ ಮೇಲೆ ವಾರಕ್ಕೊಮ್ಮೆಯಾದರೂ ಗಾತ್ರ ನೋಡಿ ಬೇರೆ ಬೇರೆ ಮಾಡಿ. ತನ್ನ ಮೂರನೇ ಎರಡರಷ್ಟು ಉದ್ದವಿರುವ ತಮ್ಮನನ್ನೂ ಅಣ್ಣ ನುಂಗಿಬಿಡುತ್ತಾನೆ. ಸಾಕುವವರಿಗೆ ಮೊದಲ ತಿಂಗಳುಗಳ ನಷ್ಟದಲ್ಲಿ ದೊಡ್ಡ ಪಾಲು ಇದರಿಂದಲೇ.