ಕಲ್ನಾರಿನ ಫ್ಯಾಕ್ಟರಿ ಬಿಟ್ಟು 25 ವರ್ಷವಾಯಿತು, ಅಪ್ಪನಿಗೆ ಈಗಲೂ ಅಪಾಯ ಇದೆಯಾ?

ಇದೆ. ಮುಂಬೈನ ಬ್ರೇಕ್ ಲೈನಿಂಗ್ ಫ್ಯಾಕ್ಟರಿಯಲ್ಲಿ ದುಡಿದ ಅಪ್ಪನಿಗೆ ಈಗ ಚಾಳಿನ ಮೆಟ್ಟಿಲು ಹತ್ತಿದರೆ ಏದುಸಿರು ಅಂದಿದ್ದೀರಿ. ಸುಮ್ನೆ ವಯಸ್ಸಿನ ಮೇಲೆ ಹಾಕಬೇಡಿ. ಕಲ್ನಾರಿನ ಸಣ್ಣ ಎಳೆಗಳು ಶ್ವಾಸಕೋಶದಲ್ಲೇ ಉಳಿದುಬಿಡುತ್ತವೆ. ಅದರ ಪೊರೆಗೆ ಬರುವ ಮೆಸೊಥೆಲಿಯೋಮಾ ಕ್ಯಾನ್ಸರ್ 20ರಿಂದ 50 ವರ್ಷ ಬಿಟ್ಟು ತಲೆ ಎತ್ತಬಹುದು. ಗೊತ್ತಾದ ಮೇಲೆ ಹೆಚ್ಚಿನವರು ಎರಡು ವರ್ಷವೂ ಬದುಕುವುದಿಲ್ಲ. ಬೀಡಿ ಸೇದುವವರಾದರೆ ಶ್ವಾಸಕೋಶದ ಕ್ಯಾನ್ಸರ್ ಭಯ ಇನ್ನೂ ಜಾಸ್ತಿ. ಧೂಳು ತುಂಬಿದ ಯೂನಿಫಾರ್ಮ್ ಕೊಡವಿ ಒಗೆಯುತ್ತಿದ್ದದ್ದು ಅಮ್ಮ ಅಲ್ವಾ? ಅವರನ್ನೂ ತೋರಿಸಿ. ಎದೆರೋಗದ ಡಾಕ್ಟರಿಗೆ ಹಳೆ ಕೆಲಸದ ವಿಷಯ ನೀವೇ ಮೊದಲು ಹೇಳಿ. ಇಂಥ ಕಾರ್ಮಿಕರ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಾಗಿನಿಂದ ಕನಿಷ್ಠ 40 ವರ್ಷ ಇಡಬೇಕು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಫ್ಯಾಕ್ಟರಿಗೆ ಬರೆದು ಅದನ್ನು ಕೇಳಿ.